ಕೆಂಚಕ್ಕ ಮತ್ತು ತುಂಬದ ಗ್ಲಾಸು

ಹಿರಿಯೂರಿನಿಂದ ಮಾರಿಕಣಿವೆ ಕಡೆಗೆ ಹೋಗುವ ದಾರಿಯಲ್ಲಿ ಒಂದು ದ್ರಾಕ್ಷಿ ತೋಟವಿದೆ. ಅಲ್ಲೇ ದ್ರಾಕ್ಷಿ ಬೆಳೆದು, ಅಲ್ಲೇ ವೈನ್ ಮಾಡಿ, ಶನಿವಾರ ಭಾನುವಾರ ಬಂದವರಿಗೆ ಅಲ್ಲೇ ಇಟಲಿಯ ಊಟ ಹಾಕುತ್ತಾರೆ. ಆ ಅಡುಗೆ ಮಾಡುವವನು ನಾನು, ಚಿತ್ರದುರ್ಗದ ಅತೀಫ್. ಗೋವಾದ ಹೋಟೆಲಿನಲ್ಲಿ ಬೈಸಿಕೊಂಡು ಕಲಿತ ವಿದ್ಯೆ ಇದು. ನಾನು ವೈನ್ ಮುಟ್ಟುವವನಲ್ಲ. ಬಾಟಲಿ ಊಟದ ಹಾಲ್‌ನಲ್ಲಿ ಬಿಚ್ಚಿಕೊಳ್ಳಲಿ, ನನ್ನ ಒಲೆಯ ಹತ್ತಿರ ಬರಬಾರದು ಎಂದು ಕೆಲಸಕ್ಕೆ ಸೇರುವಾಗಲೇ ಮಾತಾಗಿದೆ. ಆದರೂ ಸೋಮವಾರ ಮನೆಗೆ ಹೋದಾಗಲೆಲ್ಲ ನಮ್ಮ ಅಮ್ಮಿ ಖಾತುನ್ ಬೀ, “ನಿನ್ ಕೆಲ್ಸ ರೊಟ್ಟೀದೋ ಬಾಟ್ಲೀದೋ?” ಎಂದು ಕೇಳದೆ ತಟ್ಟೆ ಇಡುವುದಿಲ್ಲ. “ರೊಟ್ಟೀದೇ ಅಮ್ಮಿ” ಎಂದು ಹೇಳದೆ ನನಗೂ ಊಟ ಸಿಗುವುದಿಲ್ಲ.

ಇಲ್ಲಿ ಹೇಳಹೊರಟಿರುವುದು ನನ್ನ ವಿಷಯವಲ್ಲ, ನನ್ನ ಅಡುಗೆಮನೆಯಲ್ಲಿ ಹಿಟ್ಟು ನಾದುತ್ತಿದ್ದ ಕೆಂಚಕ್ಕನದು.

ಕೆಂಚಕ್ಕ ಹರಿಯಬ್ಬೆ ಕಡೆಯವರು. ವಯಸ್ಸು ಅರವತ್ತರ ಹತ್ತಿರ. ಅಪ್ಪನ ಮನೆಯಲ್ಲೂ ಕುರಿ, ಗಂಡನ ಮನೆಯಲ್ಲೂ ಕುರಿ. ಗಂಡ ದೊಡ್ಡಪ್ಪ ಈಗಲೂ ಬೆಳಿಗ್ಗೆ ಎದ್ದು ಮಂದೆ ಹಿಂದೆ ಹೋಗುತ್ತಾರೆ, ಸಂಜೆ ಬಂದು ಕಂಬಳಿ ಕೊಡವುತ್ತಾರೆ, ಹೆಂಡತಿ ಏನು ಕೆಲಸ ಮಾಡುತ್ತಾಳೆಂದು ಯಾರಾದರೂ ಕೇಳಿದರೆ “ಶಾವಿಗೆ ಒತ್ತಾಕೆ ಹೋಗ್ತಾಳೆ” ಎನ್ನುತ್ತಾರೆ. ಅದು ಪೂರ್ತಿ ಸುಳ್ಳೂ ಅಲ್ಲ. ಕೆಂಚಕ್ಕನಿಗೆ ಮೊದಲ ದಿನ ಪಾಸ್ತಾ ಮಾಡುವುದನ್ನು ತೋರಿಸಿದಾಗ, “ಇದನ್ನ ಕಲಿಯಾಕೆ ನೀನು ಗೋವಾಕ್ಕೆ ಹೋಗಿದ್ಯೇನಪ್ಪ?” ಎಂದು ಕೇಳಿದ್ದರು. ನನಗೆ ಸಿಟ್ಟು ಬಂತು. ಆದರೆ ಆ ಕೈ ಹಿಟ್ಟಿಗೆ ಬಿದ್ದ ಮೇಲೆ ಸಿಟ್ಟು ಇಟ್ಟುಕೊಳ್ಳಲು ಆಗಲಿಲ್ಲ. ಹಿಟ್ಟು ಮಗುವಿನ ಕೆನ್ನೆಯ ಹಾಗೆ ಬರುತ್ತಿತ್ತು.

ಆದರೆ ಕೆಂಚಕ್ಕನಿಗೆ ಹೆಸರಿದ್ದುದು ಹಿಟ್ಟಿನಿಂದಲ್ಲ, ಬಡಿಸುವುದರಿಂದ. ಅವರ ಕಡೆ ಮದುವೆಯಾಗಲಿ ಬೀಗರೂಟವಾಗಲಿ, ಅಡುಗೆಯವರಿಗೆ ಹೇಳುವ ಮೊದಲೇ ಕೆಂಚಕ್ಕನಿಗೆ ಹೇಳಿಕಳಿಸುತ್ತಿದ್ದರಂತೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಸಾರಿನ ಬಕೆಟ್ ಹಿಡಿದು ಪಂಕ್ತಿಗೆ ಇಳಿದರೆಂದರೆ ಯಾರ ಎಲೆಯೂ ಬರಿದಾಗುವಂತಿಲ್ಲ. “ಹಾಕ್ಲಾ” ಎಂದು ಕೇಳುವ ಪದ್ಧತಿಯೇ ಅವರಿಗೆ ಗೊತ್ತಿಲ್ಲ. ಕೇಳಿದರೆ ಯಾರು ಹೂಂ ಅನ್ನುತ್ತಾರೆ, ಎಲ್ಲರಿಗೂ ನಾಚಿಕೆ ಇರುತ್ತದಲ್ಲ ಎನ್ನುವುದು ಅವರ ಲೆಕ್ಕಾಚಾರ. ಹಾಕುತ್ತಲೇ ಹೋಗಬೇಕು, ಉಣ್ಣುವವರು ಸಾಕು ಅನ್ನುವ ತನಕ.

ಆ ಸಾಕು ಅನ್ನುವುದರಲ್ಲೂ ಎರಡು ಬಗೆ ಎಂದು ಹಿಟ್ಟು ನಾದುತ್ತಾ ಅವರೇ ನನಗೆ ಹೇಳಿದ್ದರು.

“ಬಾಯಾಗೆ ಸಾಕು ಅಂದ್ರೆ ಅದು ಮರ್ಯಾದಿಗೆ ಅಂತಿರೋದು. ಅದುನ್ನ ಕಿವಿಗೆ ಹಾಕ್ಕಬಾರ್ದು. ಎಲೆ ಮೇಲೆ ಕೈ ಅಡ್ಡ ಬತ್ತೈತಲ್ಲ, ಅದು ಹೊಟ್ಟೆ ತುಂಬಿದ ಸಾಕು. ಅದನ್ನ ನೋಡಿದ್ರೆ ನಂಗೂ ಉಂಡಷ್ಟೇ ಆಗ್ತೈತೆ ಅತೀಫಪ್ಪ.”

ಚಿಕ್ಕವರಿದ್ದಾಗ ಮಂದೆ ಬಿಟ್ಟ ಕಡೆಗೆ ಅಪ್ಪನಿಗೆ ಬುತ್ತಿ ಒಯ್ಯುತ್ತಿದ್ದವರು ಅವರು. ಅಪ್ಪ ಬಂಡೆ ನೆರಳಲ್ಲಿ ಕೂತು ಉಣ್ಣುವಾಗ ಎದುರು ಕೂತು ಮುಖ ನೋಡುವುದೇ ಅವರ ಕೆಲಸ. ಉಪ್ಪು ಕಮ್ಮಿಯಾಗಿದೆಯೋ, ಖಾರ ಹೆಚ್ಚಾಗಿದೆಯೋ, ಅಪ್ಪ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. ಮುಖ ನೋಡಿ ತಿಳಿದುಕೊಂಡು ಬಂದು ಅವ್ವನಿಗೆ ವರದಿ ಒಪ್ಪಿಸಬೇಕಿತ್ತು. ಅಂದಿನಿಂದ ಹತ್ತಿದ ಚಟ ಅದು. ನಮ್ಮ ಅಡುಗೆಮನೆಗೂ ಹಾಲ್‌ಗೂ ನಡುವೆ ಒಂದು ಕಿಟಕಿ ಇದೆ, ತಟ್ಟೆ ದಾಟಿಸಲು. ಹಿಟ್ಟಿನ ಮೇಜಿನ ಮುಂದೆ ನಿಂತರೆ ಆ ಕಿಟಕಿಗೆ ಬೆನ್ನು. ಕೆಂಚಕ್ಕ ಗಳಿಗೆಗೊಮ್ಮೆ ತಿರುಗಿ ಕತ್ತು ಉದ್ದ ಮಾಡುತ್ತಿದ್ದರು. “ಉಣ್ಣೋರ ಮುಖ ಕಾಣ್ದೆ ಏನು ಅಡುಗೆನಪ್ಪ ಇದು” ಎಂದು ಗೊಣಗುತ್ತಿದ್ದರು. ಹಾಲ್‌ನಲ್ಲಿ ಬಡಿಸಬೇಕು ಎನ್ನುವುದು ಅವರ ಒಂದೇ ಆಸೆ. ಸಂಬಳ ಹೆಚ್ಚು ಮಾಡಿ ಎಂದು ಅವರು ಕೇಳಿದ್ದನ್ನು ನಾನು ಕಂಡಿಲ್ಲ.

ಹಾಲ್ ನೋಡಿಕೊಳ್ಳುವವರು ಕೀರ್ತನಾ. ಹೊಸದುರ್ಗದ ಹುಡುಗಿ, ಅಪ್ಪನದು ದಾಳಿಂಬೆ ತೋಟ, ತಾವು ನಾಸಿಕ್‌ಗೆ ಹೋಗಿ ವೈನ್ ಬಗ್ಗೆ ಓದಿ ಬಂದವರು. ಯಾವ ಊಟಕ್ಕೆ ಯಾವ ವೈನ್ ಎನ್ನುವುದು ನಮ್ಮಲ್ಲಿ ಸರಿಯಾಗಿ ಗೊತ್ತಿರುವುದು ಅವರೊಬ್ಬರಿಗೆ. ಅಡುಗೆಯವನೇ ಕುಡಿಯುವವನಲ್ಲದ್ದರಿಂದ ಅವರು ನನಗೆ ಬಾಯಲ್ಲೇ ಪಾಠ ಮಾಡಬೇಕಾಯಿತು. ಟೊಮೆಟೊ ಹುಳಿ, ಅದಕ್ಕೆ ಕೊಡುವ ವೈನ್‌ನಲ್ಲೂ ಹುಳಿ ಇರಬೇಕು, ಇಲ್ಲದಿದ್ದರೆ ವೈನ್ ಸಪ್ಪೆಯಾಗುತ್ತದೆ. ಮೀನು, ಕೋಳಿ, ಕೆನೆ ಹಾಕಿದ್ದಕ್ಕೆ ಬಿಳಿ ವೈನ್. ಕೊಬ್ಬಿರುವ ಮಾಂಸಕ್ಕೆ ಒಗರು ಇರುವ ಕೆಂಪು ವೈನ್. ಸಿಹಿ ತಿಂಡಿಗೆ ಅದಕ್ಕಿಂತ ಸಿಹಿಯಾದದ್ದು. ನಾನು ತಲೆಯಾಡಿಸಿ ಕೇಳಿಕೊಂಡೆ. ಈರುಳ್ಳಿ ಹೆಚ್ಚುತ್ತಾ ಕೇಳಿಸಿಕೊಳ್ಳುತ್ತಿದ್ದ ಕೆಂಚಕ್ಕ ಮಾತ್ರ ತಮಗೆ ಒಂದು ಗುಟುಕು ಬೇಕು ಎಂದರು.

ಕಿಟಕಿಯ ಆಚೆ ನಿಂತು ಕೆಂಪು ವೈನ್ ಬಾಯಿಗೆ ಬಿಟ್ಟುಕೊಂಡು ಅವರು ಮಾಡಿದ ಮುಖ ಇನ್ನೂ ನನ್ನ ಕಣ್ಣಲ್ಲಿದೆ. “ದಾಳಿಂಬೆ ಸಿಪ್ಪೆ ಅಗಿದಂಗೈತೆ. ಇದುಕ್ಕೆ ಜನ ಕಾಸು ಕೊಡ್ತಾರಾ?” ಎಂದರು. ಕೀರ್ತನಾ ನಗುತ್ತಾ ಒಂದು ತುಂಡು ಕುರಿಮಾಂಸ ತಿನ್ನಿಸಿ ಮತ್ತೆ ಕುಡಿಯಿರಿ ಎಂದರು. ಕೆಂಚಕ್ಕ ಕುಡಿದು, ಸ್ವಲ್ಪ ಹೊತ್ತು ನಾಲಿಗೆ ಆಡಿಸಿ, “ಈಗ ಸುಮ್ಗಾತು. ಬಾಡು ತಿಂದ್ಮೇಲೆ ಎಲೆ ಅಡಿಕೆ ಹಾಕ್ಕಂಡ್ರೆ ಬಾಯಾಗಿನ ಜಿಡ್ಡು ಹೋಗ್ತೈತಲ್ಲ, ಹಂಗೆ” ಎಂದರು. ಅಲ್ಲಿಂದ ಆ ಪಾಠ ಅವರಿಗೆ ಮತ್ತೆ ಹೇಳಬೇಕಾಗಲಿಲ್ಲ. ಬೇರೆ ತಪ್ಪು ಮಾಡುತ್ತಿರಲಿಲ್ಲವೆಂದಲ್ಲ. ಬಿಳಿ ವೈನನ್ನೆಲ್ಲ ಒಂದೇ ಎಂದು ತಿಳಿದು, ಟೊಮೆಟೊಗೆ ಯಾವುದೆಂದು ಕೇಳಿದರೆ ಸಿಹಿ ವೈನ್ ತೋರಿಸಿ ಎಷ್ಟೋ ಸಲ ಬೈಸಿಕೊಂಡಿದ್ದಾರೆ.

ದ್ರಾಕ್ಷಿ ಕೊಯ್ಲಿನ ಸಮಯದಲ್ಲಿ ಹಾಲ್‌ನ ಹುಡುಗರೆಲ್ಲ ತೋಟಕ್ಕೆ ಹೋಗಿದ್ದರಿಂದ ಒಂದು ದಿನ ಕೀರ್ತನಾ ಬೇರೆ ದಾರಿಯಿಲ್ಲದೆ ಕೆಂಚಕ್ಕನನ್ನು ಬಡಿಸಲು ಬಿಟ್ಟರು. ದಾವಣಗೆರೆಯಿಂದ ಒಂದು ಕಾರಿನಲ್ಲಿ ಬಂದ ಗುಂಪು. ಕೆಂಚಕ್ಕ ಗ್ಲಾಸಿಗೆ ವೈನನ್ನು ಮಜ್ಜಿಗೆ ಬಿಟ್ಟ ಹಾಗೆ ಕಂಠಮಟ್ಟ ಬಿಟ್ಟರು. ಪಾಸ್ತಾ ಮುಗಿಯುವ ಮೊದಲೇ ಎರಡನೇ ಸಲ ಹಾಕಿದರು. ಬೇಡ ಎಂದವರಿಗೆ “ಈ ವಯಸ್ಸಿಗೆ ಇಷ್ಟು ಉಣ್ದಿದ್ರೆ ಹೆಂಗೆ” ಎಂದು ಮೂರನೇ ಸಲವೂ ಹಾಕಿದರು. ನಾನು ಬೆಳಿಗ್ಗೆಯಿಂದ ಸಣ್ಣ ಉರಿಯಲ್ಲಿ ಬೇಯಿಸಿದ ಕುರಿಮಾಂಸ ಹೋದ ಹಾಗೇ ವಾಪಸು ಬಂತು. ಬಂದವರಲ್ಲಿ ಒಬ್ಬರು ಕುರ್ಚಿಯಲ್ಲೇ ಗೊರಕೆ ಹೊಡೆದರು. ಕಾರು ಓಡಿಸಬೇಕಾದವನ ಕೈಯಿಂದ ಕೀರ್ತನಾ ಕೀಲಿ ಇಸಿದುಕೊಂಡು, ಊರಿಂದ ಬೇರೆ ಡ್ರೈವರ್ ಬರುವವರೆಗೆ ಎಲ್ಲರನ್ನೂ ಬೇವಿನ ಮರದ ಕೆಳಗೆ ಕೂರಿಸಬೇಕಾಯಿತು.

“ಕೆಂಚಕ್ಕ, ಗ್ಲಾಸಿನ ಹೊಟ್ಟೆ ಎಲ್ಲಿ ಅಗಲ ಐತೋ ಅಲ್ಲಿಗೆ ನಿಲ್ಲಿಸ್ಬೇಕು” ಎಂದು ಕೀರ್ತನಾ ಗ್ಲಾಸ್ ಹಿಡಿದು ತೋರಿಸಿದರು. “ಮೇಲಿನ ಜಾಗ ವಾಸನೆಗೆ. ಮತ್ತೆ, ಒಬ್ರು ನಾಲ್ಕು ಬಗೆ ಕುಡೀಬೇಕು, ಮನೆಗೂ ಹೋಗ್ಬೇಕು.”

“ಅರ್ಧಕ್ಕೂ ಕಮ್ಮಿ ಆತಲ್ಲಮ್ಮ. ಬಂದೋರಿಗೆ ಅರ್ಧ ಲೋಟ ಕೊಟ್ರೆ, ಎದ್ದು ಹೋಗ್ರಿ ಅಂದಂಗೆ ನಮ್ಮ ಕಡೆ.”

“ಇಲ್ಲಿ ಹಂಗಲ್ಲ.”

ಕೆಂಚಕ್ಕ ಮತ್ತೆ ಹಿಟ್ಟಿನ ಮೇಜಿಗೆ ಬಂದರು. ಆಮೇಲೆ ಬಹಳ ದಿನ ಅವರು ಕತ್ತು ತಿರುಗಿಸಲಿಲ್ಲ. ನನಗೆ ಕೀರ್ತನಾ ಮೇಲೆ ಕೋಪ ಬರಬೇಕಿತ್ತು, ಬರಲಿಲ್ಲ. ಅವರು ಹೇಳಿದ್ದು ಸರಿಯಿತ್ತು, ಮತ್ತು ನನ್ನ ಕುರಿಮಾಂಸ ಹಾಳಾದ ಸಂಕಟ ನನಗೂ ಇತ್ತು. ಹಾಗಿದ್ದರೂ ಆ ಬೆನ್ನು ನೋಡುತ್ತಾ ಒಲೆಯ ಮುಂದೆ ನಿಲ್ಲುವುದು ಕಷ್ಟವಾಗುತ್ತಿತ್ತು.

ಹೀಗಿರುವಾಗ ಕೆಂಚಕ್ಕನ ಮಗಳು ನಾಗಶ್ರೀ ಫೋನ್ ಮಾಡಿದಳು. ಅವಳನ್ನು ಕೊಟ್ಟಿರುವುದು ಹೊಳಲ್ಕೆರೆ ಕಡೆಯ ಬಿ.ದುರ್ಗಕ್ಕೆ. ಅತ್ತೆ ಬಸಮ್ಮ ಮಾತಿನಲ್ಲಿ ಜೋರು. “ನಿಮ್ಮವ್ವ ಹೆಂಡದ ತೋಟದಾಗೆ ಮುಸುರೆ ತಿಕ್ತಾಳಂತಲ್ಲ” ಎಂದು ನಾಲ್ಕು ಜನರ ಎದುರು ಕೇಳಿದ್ದಾರೆ. ನಾಗಶ್ರೀಗೆ ರೋಷ ಬಂದು, “ಮುಸುರೆ ಯಾಕೆ ತಿಕ್ತಾಳೆ, ನಮ್ಮವ್ವ ಅಲ್ಲಿ ಬಡಿಸೋದು. ಕಾರಾಗೆ ಬಂದೋರಿಗೆಲ್ಲ ನಮ್ಮವ್ವನೇ ಬಡಿಸ್ಬೇಕು” ಎಂದುಬಿಟ್ಟಿದ್ದಾಳೆ. “ಹಂಗಾದ್ರೆ ಒಂದಿನ ಹೋಗಿ ನಿಮ್ಮವ್ವನ ಕೈಯಾಗೆ ಉಂಡು ಬರಾಣ” ಎಂದು ಬಸಮ್ಮ ಅಲ್ಲೇ ತೀರ್ಮಾನ ಮಾಡಿದ್ದಾರೆ. ಅಳಿಯ ಹರೀಶ ಭಾನುವಾರಕ್ಕೆ ಮೇಜು ಬುಕ್ ಮಾಡಿಯೂ ಆಗಿದೆ.

ಕೆಂಚಕ್ಕ ಫೋನ್ ಇಟ್ಟರು. ಕೈಯೆಲ್ಲ ಹಿಟ್ಟು. ಹಾಗೇ ನೇರವಾಗಿ ಹಾಲ್‌ಗೆ ಹೋಗಿ ಕೀರ್ತನಾ ಮುಂದೆ ನಿಂತು, ಮಗಳು ಹೇಳಿದ ಸುಳ್ಳನ್ನು ಒಂದು ಅಕ್ಷರ ಬಿಡದೆ ಹೇಳಿದರು.

“ಅದೊಂದು ಮೇಜು ಕೊಡ್ರಿ ಕೀರ್ತನಮ್ಮ. ನಂಗಲ್ಲ, ಮಗಳ ಮರ್ಯಾದಿಗೆ.”

ಕೀರ್ತನಾ ಬುಕಿಂಗ್ ಪುಸ್ತಕ ತೆರೆದು ಭಾನುವಾರದ ಹಾಳೆ ನೋಡಿದರು. “ಕೊಡ್ತೀನಿ. ಆದ್ರೆ ನಮ್ಮ ಪದ್ಧತಿ ಪ್ರಕಾರ. ಗ್ಲಾಸು ಹೊಟ್ಟೆ ತನಕ. ತಟ್ಟೆಗೆ ಒಂದೇ ಸಲ. ಸರಿಯಾಗಿ ಮಾಡಿದ್ರೆ ಮುಂದಿನ ವಾರದಿಂದ ಹಾಲ್ ನಿಮ್ದೇ. ಬೀಗರು ಅಂತ ಕಂಠಮಟ್ಟ ಬಿಟ್ರೆ, ಆಮೇಲೆ ನನ್ನ ಕೇಳ್ಬೇಡಿ.”

ಒಪ್ಪಿಕೊಂಡು ಬಂದ ಮೇಲೆಯೇ ಕೆಂಚಕ್ಕನಿಗೆ ತಾವು ಒಪ್ಪಿಕೊಂಡದ್ದು ಏನೆಂದು ಹೊಳೆದದ್ದು. ಬೀಗರು. ಬೀಗರಿಗೆ ಬಡಿಸುವುದೆಂದರೆ ಇಡೀ ಊರು ನೆನಪಿಟ್ಟುಕೊಳ್ಳುವ ವಿಷಯ. ನಾಗಶ್ರೀಯ ಮದುವೆಯ ಬೀಗರೂಟದಲ್ಲಿ ಕೆಂಚಕ್ಕ ಬಡಿಸಿದ ರಭಸಕ್ಕೆ ಬಸಮ್ಮನ ಗಂಡ ಮುನಿಯಪ್ಪ ಮರುದಿನವೂ ಊಟ ಬೇಡವೆಂದು ಮಲಗಿದ್ದರಂತೆ. ಅದನ್ನು ಎರಡೂ ಕಡೆಯವರು ಇವತ್ತಿಗೂ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಅಂಥವರ ಮುಂದೆ ಈಗ ಗ್ಲಾಸಿನ ತಳದಲ್ಲಿ ಒಂದಿಷ್ಟು ಬಿಟ್ಟು ನಿಲ್ಲಬೇಕು. ತುಂಬಿದರೆ ಹಾಲ್ ಹೋಯಿತು, ತುಂಬದಿದ್ದರೆ ಬೀಗರ ಮುಂದೆ ಮಾನ ಹೋಯಿತು, ಮಗಳು ಅತ್ತೆಯ ಬಾಯಿಗೆ ಸಿಕ್ಕಿದಳು.

“ಏನು ಮಾಡ್ಲಪ್ಪ?” ಎಂದು ನನ್ನನ್ನು ಕೇಳಿದರು. ನಮ್ಮ ಮನೆಯಲ್ಲೂ ಅರ್ಧ ಕಪ್ ಚಹಾ ಕೊಟ್ಟರೆ ಅಮ್ಮಿ ಕಪ್ಪನ್ನೇ ಹಿಂದಕ್ಕೆ ತಳ್ಳುತ್ತಾರೆ.

ಭಾನುವಾರ ಮಧ್ಯಾಹ್ನ ಬೀಗರು ಬಂದರು. ಮುನಿಯಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಸಮ್ಮ ಮದುವೆಗೆ ಉಡುವ ಸೀರೆ. ಹರೀಶ, ನಾಗಶ್ರೀ ಹಿಂದೆ. ನಾಗಶ್ರೀ ಒಳಗೆ ಬರುವಾಗಲೇ ಅವ್ವನ ಮುಖ ಹುಡುಕಿದಳು. ಕೆಂಚಕ್ಕ ಹೊಸ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, “ಬರ್ರಿ ಬೀಗ್ರೆ, ಕುಂತ್ಕಳ್ರಿ” ಎಂದರು. ಹರೀಶ ತಾನು ಗಾಡಿ ಓಡಿಸಬೇಕೆಂದು ಹಣ್ಣಿನ ರಸ ಕೇಳಿದ. ಬಸಮ್ಮ ಗೋಡೆಯ ಸಾಲು ಬಾಟಲಿ ನೋಡಿ ಮೂಗು ಮುರಿದು, ಆದರೂ ತಮಗೂ ಒಂದು ಗ್ಲಾಸ್ ಇಡಲು ಹೇಳಿದರು. ಬಂದದ್ದು ಪರೀಕ್ಷೆ ಮಾಡಲು, ಅದರಲ್ಲಿ ಅನುಮಾನ ಇರಲಿಲ್ಲ.

ಮೊದಲು ಹೋಗಬೇಕಾದದ್ದು ಸುಟ್ಟ ಬ್ರೆಡ್ಡಿನ ಮೇಲೆ ಟೊಮೆಟೊ, ತುಳಸಿ ಜಾತಿಯ ಒಂದು ಎಲೆ, ಬೆಳ್ಳುಳ್ಳಿ. ಅದಕ್ಕೆ ಹುಳಿ ಇರುವ ಬಿಳಿ ವೈನ್. ಕೆಂಚಕ್ಕ ಸರಿಯಾದ ಬಾಟಲಿಯನ್ನೇ ಎತ್ತಿಕೊಂಡರು. ನಾನು ಒಲೆ ಸಣ್ಣ ಮಾಡಿ ಕಿಟಕಿಗೆ ಬಂದು ನಿಂತೆ. ಕೀರ್ತನಾ ಹಾಲ್‌ನ ಬಾಗಿಲ ಹತ್ತಿರ ನಿಂತಿದ್ದರು.

ಕೆಂಚಕ್ಕ ಮುನಿಯಪ್ಪನವರ ಗ್ಲಾಸಿಗೆ ಬಿಟ್ಟರು. ಹೊಟ್ಟೆಯ ತನಕ ಬಂತು, ನಿಲ್ಲಿಸಿದರು. ಬಸಮ್ಮನ ಗ್ಲಾಸಿಗೂ ಅಷ್ಟೇ. ತಟ್ಟೆಗೆ ಎರಡೆರಡು ತುಂಡು ಬ್ರೆಡ್. ಮುನಿಯಪ್ಪ ಗ್ಲಾಸನ್ನು ಬೆಳಕಿಗೆ ಹಿಡಿದು, ಒಳಗೆ ಇಣುಕಿ, ಹೆಂಡತಿಯ ಕಡೆ ನೋಡಿದರು.

ಬಸಮ್ಮ ನಿಧಾನವಾಗಿ ಕೇಳಿದರು: “ಬಾಟ್ಲಿ ಖಾಲಿಯಾತಾ ಬೀಗಿತ್ತಿ?”

ನಾಗಶ್ರೀ ತಲೆ ತಗ್ಗಿಸಿದಳು. ಕೆಂಚಕ್ಕನ ಕೈಯಲ್ಲಿದ್ದ ಬಾಟಲಿ ಮತ್ತೆ ಗ್ಲಾಸಿನ ಕಡೆ ಬಗ್ಗಿತು. ಬಗ್ಗಿದ್ದನ್ನು ನಾನು ಕಂಡೆ, ಕೀರ್ತನಾ ಕೂಡ ಕಂಡರು. ಆಯಿತು ಕಥೆ ಎಂದುಕೊಂಡೆ. ನಿಜ ಹೇಳಬೇಕೆಂದರೆ ತುಂಬಿಬಿಡಲಿ ಎಂದೇ ನನ್ನ ಮನಸ್ಸು ಹೇಳುತ್ತಿತ್ತು, ಆ ತಲೆ ತಗ್ಗಿಸಿದ ಹುಡುಗಿಯನ್ನು ನೋಡಲಾಗುತ್ತಿರಲಿಲ್ಲ.

ಬಾಟಲಿ ಅಲ್ಲೇ ನಿಂತಿತು. ಕೆಂಚಕ್ಕ ಅದನ್ನು ಎದೆಗೆ ಆನಿಸಿಕೊಂಡು ಬಸಮ್ಮನ ಮುಖವನ್ನೇ ನೋಡಿದರು, ಚಿಕ್ಕಂದಿನಲ್ಲಿ ಅಪ್ಪನ ಮುಖ ನೋಡುತ್ತಿದ್ದ ಹಾಗೆಯೇ ಇರಬೇಕು.

“ಬಾಟ್ಲಿ ತುಂಬ ಐತೆ ಬೀಗಿತ್ತಿ. ಒಳಗೆ ಇನ್ನೂ ಮೂರು ಥರದ್ದು ಅವೆ. ಮದುವ್ಯಾಗೆ ಒಂದೇ ಏಟಿಗೆ ಸುರಿದು ಮುಂದಿನ ಎಲೆಗೆ ಓಡಿದೆ, ನೀವು ಉಂಡಿದ್ದು ನಾನು ನೋಡ್ಲೇ ಇಲ್ಲ. ಇವತ್ತು ಒಂದೇ ಸಲ ತುಂಬಿಬಿಟ್ರೆ ನಾನು ನಿಮ್ಮ ಹತ್ರ ಒಂದೇ ಸಲ ಬರೋದು. ಇಷ್ಟಿಷ್ಟೇ ಹಾಕಿದ್ರೆ ಮತ್ತೆ ಮತ್ತೆ ಬರಬೋದು. ನಂಗೆ ಮತ್ತೆ ಮತ್ತೆ ಬರ್ಬೇಕು ಅಂತ ಆಸೆ.”

ಇದನ್ನು ಅವರು ಮೊದಲೇ ಯೋಚಿಸಿಟ್ಟಿದ್ದರೇ ಎಂದು ಆಮೇಲೆ ಕೇಳಿದೆ. ಇಲ್ಲವಂತೆ, ಬಾಟಲಿ ಬಗ್ಗಿಸಿದಾಗ ಬಂದ ಮಾತಂತೆ.

ಮೊದಲು ನಕ್ಕವರು ಮುನಿಯಪ್ಪ. “ಹಂಗಾದ್ರೆ ಬರ್ತಾ ಇರ್ರಿ. ನಮಗೇನು, ಸಂಜೆ ತನಕ ಕುಂತಿರ್ತೀವಿ” ಎಂದು ಗ್ಲಾಸ್ ಎತ್ತಿದರು. ಬಸಮ್ಮ ನಗಲಿಲ್ಲ. ಬ್ರೆಡ್ ಕಚ್ಚಿ, ಒಂದು ಗುಟುಕು ಕುಡಿದು, “ಔಷಧಿ ಥರ ಐತೆ” ಎಂದರು. ಇನ್ನೊಂದು ಸಲ ಕಚ್ಚಿ ಇನ್ನೊಂದು ಗುಟುಕು ಕುಡಿದರು. ಆ ಸಲ ಔಷಧಿಯ ಮಾತು ಬರಲಿಲ್ಲ. ಕೆಂಚಕ್ಕ ಪಕ್ಕದಲ್ಲೇ ನಿಂತು ನೋಡುತ್ತಿದ್ದರು.

ಎರಡನೇ ಸಲ ಪಾಸ್ತಾ ಹೋಯಿತು, ತಿಳಿಯಾದ ಕೆಂಪು ವೈನ್ ಜೊತೆ. ಪಾಸ್ತಾ ತಾವೇ ಒತ್ತಿದ್ದೆಂದು ಕೆಂಚಕ್ಕ ಹೇಳಿದಾಗ ಬಸಮ್ಮ ಒಂದನ್ನು ಬೆರಳಲ್ಲಿ ಎತ್ತಿ ತಿರುಗಿಸಿ ನೋಡಿ, “ಪಾಯಸದ ಶಾವಿಗೆನ ಸಾರಿಗೆ ಹಾಕ್ದಂಗೈತೆ” ಎಂದರು. ಆದರೆ ತಟ್ಟೆ ಬರಿದಾಯಿತು. ಮೂರನೆಯದು ನನ್ನ ಕುರಿಮಾಂಸ. ಅದರ ಜೊತೆಗಿನ ಒಗರು ವೈನ್ ಕುಡಿದು ಮುನಿಯಪ್ಪ ಮುಖ ಕಿವುಚಿದಾಗ ಕೆಂಚಕ್ಕ ಓಡಿಹೋಗಿ, “ಬಾಡು ತಿಂದು ಆಮೇಲೆ ಕುಡೀರಿ ಬೀಗ್ರೆ, ಎಲೆ ಅಡಿಕೆ ಹಾಕ್ಕಂಡಂಗೆ” ಎಂದರು. ಅವರು ಹಾಗೆಯೇ ಮಾಡಿ ತಲೆದೂಗಿದರು. ಮೂಳೆಯನ್ನೂ ಬಿಡಲಿಲ್ಲ. ನಾಗಶ್ರೀ ಈಗ ತಲೆಯೆತ್ತಿ ಗಂಡನ ಜೊತೆ ಮಾತಾಡುತ್ತಿದ್ದಳು. ನನಗೆ ಒಲೆಯ ಮುಂದೆ ನಿಂತೇ ಖುಷಿಯಾಯಿತು, ಬಹಳ ಖುಷಿಯಾಯಿತು.

ಕೀರ್ತನಾ ಕಿಟಕಿಯ ಹತ್ತಿರ ಬಂದು ಬಗ್ಗಿದರು. “ಮುಂದಿನ ಶನಿವಾರದಿಂದ ಹಿಟ್ಟಿಗೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ ಅತೀಫ್.”

“ಆ ಕೈ ಇನ್ನೆಲ್ಲಿ ಸಿಗುತ್ತೆ ಮೇಡಂ” ಎಂದು ಗೊಣಗಿದೆ. ಗೊಣಗಿದ್ದು ಮರ್ಯಾದೆಗೆ.

ಆದರೆ ಖಾಲಿ ತಟ್ಟೆ ತಂದಿಟ್ಟ ಕೆಂಚಕ್ಕನ ಮುಖದಲ್ಲಿ ಏನೋ ಕೊರಗು ಇತ್ತು. ಹಾಲ್ ಸಿಕ್ಕಿತು ಎಂದು ನಾನು ಪಿಸುಗುಟ್ಟಿದರೂ ಪೂರ್ತಿ ಅರಳಲಿಲ್ಲ. ಏನಾಯಿತು ಎಂದೆ.

“ಎಲ್ಲ ಉಂಡ್ರು. ಆದ್ರೆ ಇಷ್ಟೊತ್ತಾದ್ರೂ ಒಬ್ರೂ ಸಾಕು ಅನ್ಲಿಲ್ಲ, ಒಬ್ರ ಕೈನೂ ಅಡ್ಡ ಬರ್ಲಿಲ್ಲ ಅತೀಫಪ್ಪ” ಎಂದರು. “ಈ ಅಳತೆಯಾಗೆ ಯಾರಂತಾರೆ, ನೀನೇ ಹೇಳು. ಬೀಗ್ರನ್ನ ಅರೆಹೊಟ್ಟೆಯಾಗೆ ಕಳಿಸ್ತೀನೇನೋ.”

ಕೊನೆಗೆ ಉಳಿದದ್ದು ಸಿಹಿ. ಹಾಲಿನ ಕೆನೆ ಹೆಪ್ಪುಗಟ್ಟಿಸಿ ಮಾಡಿದ್ದು, ಮೇಲೆ ಹೊಸದುರ್ಗದ ದಾಳಿಂಬೆ ಕಾಳು. ಅದರ ಜೊತೆ ಜೇನಿನ ಬಣ್ಣದ ಸಿಹಿ ವೈನ್, ಚಿಕ್ಕ ಗ್ಲಾಸಿನಲ್ಲಿ. ಬಸಮ್ಮ ಚಮಚದಲ್ಲಿ ಕೆರೆದು ಕೆರೆದು ತಿಂದರು. ಕೆಂಚಕ್ಕ ಮುನಿಯಪ್ಪನವರ ಗ್ಲಾಸಿಗೆ ಅಳತೆಯಷ್ಟು ಬಿಟ್ಟು, ಬಸಮ್ಮನ ಕಡೆ ತಿರುಗಿ ಬಾಟಲಿ ಬಗ್ಗಿಸಿದರು. ಎರಡು ಗುಟುಕಿನಷ್ಟು ಬಿದ್ದಿತ್ತೋ ಇಲ್ಲವೋ, ಗ್ಲಾಸಿನ ಹೊಟ್ಟೆ ಇನ್ನೂ ದೂರವಿತ್ತು.

ಬಸಮ್ಮ ಚಮಚ ಕೆಳಗಿಟ್ಟು, ಬಳೆ ತುಂಬಿದ ತಮ್ಮ ಕೈಯನ್ನು ಗ್ಲಾಸಿನ ಬಾಯಿಗೆ ಅಡ್ಡ ಇಟ್ಟರು.